ಮೀನು ಹಿಡಿಯುವುದಕ್ಕೂ ಪದವಿಯೇ?

ಹೊನ್ನೂರಿನಿಂದ ಮಂಗಳೂರಿಗೆ ಹೋಗಬೇಕಾದರೆ ಮೈಸೂರು ದಾಟಿ, ಮಡಿಕೇರಿಯ ಘಟ್ಟ ಇಳಿದು, ಹೆಚ್ಚುಕಡಿಮೆ ಒಂದು ಹಗಲು ಬಸ್ಸಿನಲ್ಲಿ ಕೂರಬೇಕು. ಅಷ್ಟು ದೂರ ಹೋಗಿ ನಾಲ್ಕು ವರ್ಷ ಮೀನಿನ ವಿಷಯ ಓದಿ ಬರುತ್ತೇನೆಂದು ನಮ್ಮ ಕಡೆಯ ಹುಡುಗನೋ ಹುಡುಗಿಯೋ ಹೇಳಿದರೆ ಮನೆಯಲ್ಲಿ ಏಳುವ ಮೊದಲ ಮಾತು ಒಂದೇ: ಮೀನು ಹಿಡಿಯುವುದಕ್ಕೂ ಪದವಿ ಬೇಕೇ? ಈ ಮಾತನ್ನು ಕೇಳಿ ನಾವು ನಗುವುದಿಲ್ಲ. ಗಿರಣಿಯಲ್ಲಿ ಪಾಳಿ ಮುಗಿಸಿ ಬರುವ ತಂದೆಗೆ, ವಾರಕ್ಕೆರಡು ಸಂತೆ ಸುತ್ತಿ ಸಾಮಾನು ಮಾರುವ ತಾಯಿಗೆ, ನಾಲ್ಕು ವರ್ಷವೆಂದರೆ ದುಡಿಯಬಲ್ಲ ಎರಡು ಕೈ ಮನೆಯಿಂದ ದೂರವಾಗುವ ಕಾಲ. ಅವರು ಪ್ರಶ್ನೆ ಕೇಳುವುದು ನ್ಯಾಯವೇ. ಉತ್ತರ ಹೇಳಬೇಕಾದವರು ಹೇಳಿಲ್ಲ, ಅಷ್ಟೆ.

ಮೊದಲು ಇದ್ದ ಸಂಗತಿ ಹೇಳೋಣ. ನಮ್ಮ ದೇಶದಲ್ಲಿ ಮೀನುಗಾರಿಕೆಯನ್ನು ಪದವಿಯ ಮಟ್ಟದಲ್ಲಿ ಕಲಿಸುವುದಕ್ಕೆಂದು ಮೊದಲ ಕಾಲೇಜು ತೆರೆದದ್ದು ಕನ್ನಡನಾಡಿನಲ್ಲಿಯೇ. 1969ರಲ್ಲಿ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಅಂಗವಾಗಿ, ಮಂಗಳೂರಿನಲ್ಲಿ ಅದು ಆರಂಭವಾಯಿತು. ಈಗ ಅದು ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಪಿಯುಸಿಯಲ್ಲಿ ಜೀವಶಾಸ್ತ್ರವಿರುವ ವಿಜ್ಞಾನ ಓದಿ, ಸಿಇಟಿ ಬರೆದು, ಅಲ್ಲಿಗೆ ಸೇರಬಹುದು. ಪದವಿಯ ಹೆಸರು ಬಿ.ಎಫ್.ಎಸ್ಸಿ. ಡಾಕ್ಟರು, ಇಂಜಿನಿಯರು ಎಂಬ ಎರಡು ಹೆಸರುಗಳಾಚೆಗೆ ನಮ್ಮ ಮನೆಗಳಲ್ಲಿ ಮಾತು ಹೋಗುವುದೇ ಅಪರೂಪವಾದುದರಿಂದ ಈ ನಾಲ್ಕು ಅಕ್ಷರ ಯಳಂದೂರು, ಕೊಳ್ಳೇಗಾಲದ ಎಷ್ಟೋ ಮನೆಗಳ ಕಿವಿಗೆ ಬಿದ್ದೇ ಇಲ್ಲ.

ಆ ಕಾಲೇಜಿನಲ್ಲಿ ಕಲಿಸುವುದು ಬಲೆ ಬೀಸುವುದನ್ನಲ್ಲ. ಬಲೆ ಬೀಸುವುದರಲ್ಲಿ ನಮ್ಮ ಬೆಸ್ತರ ಅಜ್ಜಂದಿರಿಗೆ ಪಾಠ ಹೇಳುವ ಪ್ರೊಫೆಸರು ಇನ್ನೂ ಹುಟ್ಟಿಲ್ಲ. ಅಲ್ಲಿ ಕಲಿಸುವುದು ನೀರನ್ನು. ನೀರಿನಲ್ಲಿ ಏನಿದೆ, ಏನು ಕಡಿಮೆಯಾಗಿದೆ, ಆ ನೀರು ಎಷ್ಟು ಮೀನನ್ನು ಸಾಕಬಲ್ಲದು, ಮೀನಿಗೆ ರೋಗ ಬಂದರೆ ಗುರುತಿಸುವುದು ಹೇಗೆ, ಹಿಡಿದ ಮೀನು ಕೊಳೆಯದಂತೆ ಗಿರಾಕಿಯ ಕೈಗೆ ಮುಟ್ಟಿಸುವುದು ಹೇಗೆ, ಲೆಕ್ಕ ಹೇಗೆ, ಸಹಕಾರ ಸಂಘ ನಡೆಸುವುದು ಹೇಗೆ. ಇದರಲ್ಲಿ ಯಾವುದು ನಮ್ಮ ಕೆರೆಗೆ ಬೇಡವಾದದ್ದು?

ಒಂದು ಉದಾಹರಣೆ ಸಾಕು. ಬೇಸಿಗೆಯ ಕೊನೆಗೆ, ಮೋಡ ಕವಿದ ದಿನ ಕಳೆದ ಮರುದಿನ ಮುಂಜಾನೆ, ಕೆರೆಯ ಮೀನೆಲ್ಲ ಬಾಯಿ ತೆರೆದುಕೊಂಡು ಮೇಲೆ ಬಂದು ಸತ್ತು ತೇಲುವುದನ್ನು ಕೆರೆ ಬದಿಯ ಊರವರು ಬಲ್ಲರು. ಆಗ ಊರಿನಲ್ಲಿ ಏಳುವ ಕೂಗು: ಯಾರೋ ವಿಷ ಹಾಕಿದರು. ಆಗದವನ ಮೇಲೆ ಅನುಮಾನ, ಪೊಲೀಸರಿಗೆ ದೂರು, ಎರಡು ಬೀದಿಗಳ ನಡುವೆ ಮನಸ್ತಾಪ. ಕೆಲವು ಸಲ ವಿಷವೇ ಇದ್ದೀತು. ಆದರೆ ಅನೇಕ ಸಲ ನಡೆದಿರುವುದು ಬೇರೆ. ಹಗಲು ಬಿಸಿಲಿನಲ್ಲಿ ಪಾಚಿ ನೀರಿಗೆ ಪ್ರಾಣವಾಯುವನ್ನು ಕೊಡುತ್ತದೆ. ರಾತ್ರಿ ಅದೇ ಪಾಚಿ ಮೀನಿನಂತೆಯೇ ತಾನೂ ಉಸಿರಾಡಿ ಆ ವಾಯುವನ್ನು ಹೀರುತ್ತದೆ. ಮೋಡದ ದಿನ ಗಳಿಕೆ ಕಡಿಮೆ, ರಾತ್ರಿಯ ಖರ್ಚು ಮಾತ್ರ ಹಾಗೆಯೇ. ಕೋಳಿ ಕೂಗುವ ಹೊತ್ತಿಗೆ ನೀರಿನಲ್ಲಿ ಉಸಿರೇ ಉಳಿದಿರುವುದಿಲ್ಲ. ಇದನ್ನು ಬಲ್ಲವನೊಬ್ಬ ಊರಿನಲ್ಲಿದ್ದರೆ ಹಿಂದಿನ ಸಂಜೆಯೇ ನೀರಿನ ಬಣ್ಣ ನೋಡಿ ಮೇವು, ಗೊಬ್ಬರ ನಿಲ್ಲಿಸಿಸುತ್ತಾನೆ, ಸಾಧ್ಯವಿದ್ದರೆ ಪಂಪು ಹಾಕಿಸಿ ನೀರನ್ನು ಚಿಮ್ಮಿಸಿ ಉಸಿರು ತುಂಬಿಸುತ್ತಾನೆ. ಮೀನೂ ಉಳಿಯುತ್ತದೆ, ಎರಡು ಬೀದಿಗಳ ಸ್ನೇಹವೂ ಉಳಿಯುತ್ತದೆ.

ಇನ್ನೊಂದು ಸಂಗತಿ. ಕಾಟ್ಲಾ, ರೋಹು, ಮೃಗಾಲ್ ಇವು ಇಂದು ನಮ್ಮ ಸಂತೆಗಳ ಮೀನು. ಇವು ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆಯಿಡುವುದಿಲ್ಲ. ಮಳೆಗಾಲದ ಹೊಳೆಯ ಹರಿವು ಬೇಕು. ಹಿಂದೆ ಇವುಗಳ ಮರಿ ಬೇಕೆಂದರೆ ಹೊಳೆಯಲ್ಲಿ ಸೋಸಿ ತರಬೇಕಾಗಿತ್ತು, ಅದರ ಜೊತೆಗೆ ಮರಿಯನ್ನೇ ತಿನ್ನುವ ಮೀನಿನ ಮರಿಯೂ ಬರುತ್ತಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್ ಎಂಬಲ್ಲಿ ಹೀರಾಲಾಲ್ ಚೌಧುರಿಯವರು, ಸಹೋದ್ಯೋಗಿ ಆಲಿಕುನ್ಹಿಯವರ ಸಂಗಡ, ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ರಸವನ್ನು ತೆಗೆದು ಚುಚ್ಚಿ, ಕೊಳದಲ್ಲಿಯೇ ಈ ಜಾತಿಯ ಮೀನು ಮೊಟ್ಟೆಯಿಡುವಂತೆ ಮಾಡಿದರು. ಅಂದಿನಿಂದ ಇಂದಿನವರೆಗೆ ದೇಶದ ಯಾವ ಮೂಲೆಯ ಕೆರೆಗೆ ಕಾಟ್ಲಾ ಮರಿ ಬಿಟ್ಟರೂ ಅದರ ಹಿಂದೆ ಆ ದಿನದ ಕೆಲಸವಿದೆ. ಸರ್ಕಾರವು ಈಗ ಆ ದಿನವನ್ನು ಮೀನು ಕೃಷಿಕರ ದಿನವೆಂದು ಆಚರಿಸುತ್ತದೆ. ಭಾಷಣ, ಶಾಲು, ಹಾರ ಎಲ್ಲವೂ ಇರುತ್ತವೆ. ಬೆರಳುದ್ದ ಬೆಳೆದ ಮರಿಯನ್ನೇ ಕೆರೆಗೆ ಬಿಡಬೇಕು, ಎಳೆಮರಿ ಬಿಟ್ಟರೆ ಕೊರವ ಮೀನಿಗೆ ಔತಣ ಹಾಕಿದಂತೆ ಎಂಬ ಸಣ್ಣ ಮಾತನ್ನು ಕೆರೆ ಏರಿಯ ಮೇಲೆ ನಿಂತು ಹೇಳುವವರು ಮಾತ್ರ ಸಿಗುವುದು ಕಷ್ಟ.

ಈಗ ಗಿರಣಿಯ ಓದುಗರಿಗೆ ಹತ್ತಿರದ ಮಾತು. ರೇಷ್ಮೆ ನಮ್ಮ ಸೀಮೆಯ ಹಳೆಯ ಜೀವನ. ಗೂಡು ಬೇಯಿಸಿ ನೂಲು ಬಿಚ್ಚಿದ ಮೇಲೆ ಉಳಿಯುವ ಹುಳುವಿನ ನಾತವನ್ನು ಆ ಕೆಲಸ ಮಾಡಿದವರಿಗೆ ಬಣ್ಣಿಸಿ ಹೇಳಬೇಕಿಲ್ಲ. ಮನೆಗೆ ಹೋದರೂ ಬಟ್ಟೆ ಬಿಡದ ನಾತ ಅದು. ಆ ಹುಳುವಿನಲ್ಲಿ ಒಳ್ಳೆಯ ಸಾರವಿದೆ, ದುಬಾರಿಯಾದ ಮೀನುಪುಡಿಯ ಬದಲು ಅದನ್ನೇ ಸಾಮಾನ್ಯ ಗೆಂಡೆಯ ಮೇವಿಗೆ ಬೆರೆಸಬಹುದು ಎಂಬುದನ್ನು ಪರೀಕ್ಷಿಸಿ, ಮಂಗಳೂರು ಮೀನುಗಾರಿಕೆ ಕಾಲೇಜಿನ ಎಂ. ಸಿ. ನಂದೀಶ ಮತ್ತು ಸಂಗಡಿಗರು 1990ರಲ್ಲಿಯೇ ಪ್ರಕಟಿಸಿದರು. ರೀಲರು ಮೂಗು ಮುಚ್ಚಿಕೊಂಡು ಸಿಕ್ಕ ಬೆಲೆಗೆ ಸಾಗಹಾಕುವ ಸರಕು ಹೊನ್ನೂರು, ಕೆಸ್ತೂರು, ಅಗರ, ಮಾಂಬಳ್ಳಿ ಕಡೆಯ ಕೆರೆ ಮೀನಿಗೆ ಮೇವಾಗಬಹುದಾಗಿತ್ತು. ಈ ಸುದ್ದಿ ಮಂಗಳೂರಿನಿಂದ ಹೊರಟು ವಿದೇಶದ ಪತ್ರಿಕೆಯವರೆಗೆ ಹೋಯಿತು, ಕೊಳ್ಳೇಗಾಲದ ರೀಲರನ ಬಳಿಗೆ ಬರಲಿಲ್ಲ. ಸಂಶೋಧಕರ ತಪ್ಪೆಂದು ನಾವು ಹೇಳಲಾರೆವು. ಅವರು ತಮ್ಮ ಕೆಲಸ ಮಾಡಿದ್ದಾರೆ. ಅಲ್ಲಿ ಓದಿ ಇಲ್ಲಿಗೆ ಮರಳುವ ಇಲ್ಲಿಯ ಮಕ್ಕಳು ಇದ್ದಿದ್ದರೆ ಸುದ್ದಿ ಅವರ ಜೊತೆಯಲ್ಲಿ ಬಸ್ಸು ಹತ್ತಿ ಬರುತ್ತಿತ್ತು.

ಕಾವೇರಿಯ ಕಥೆ ಇನ್ನೂ ನೋವಿನದು. ಶಿವನಸಮುದ್ರದಿಂದ ಕೆಳಗೆ, ಹನೂರು ಕಡೆಯ ಕಾಡಿನಂಚಿನಲ್ಲಿ ಹರಿಯುವ ಹೊಳೆಯಲ್ಲಿ ಐವತ್ತು ಕೆ.ಜಿ. ಮೀರಿ ಬೆಳೆಯುವ, ಬೆನ್ನು ಉಬ್ಬಿದ, ಕಿತ್ತಳೆ ರೆಕ್ಕೆಯ ಮಹಸೀರ್ ಇದೆ. ಮಹಸೀರನ್ನು ನಮ್ಮವರು ಬಿಳಿ ಮೀನೆಂದು ಕರೆಯುತ್ತಾರೆ. ಬ್ರಿಟಿಷರ ಕಾಲದಿಂದ ಸಾಹೇಬರು ಗಾಳ ಹಿಡಿದು ಅದನ್ನು ಹುಡುಕಿಕೊಂಡು ಬಂದರು. ಅಷ್ಟು ಹೆಸರಾದ ಮೀನಿಗೆ ಶಾಸ್ತ್ರೀಯ ಹೆಸರು ಯಾವುದೆಂದು ಖಚಿತವಾದದ್ದು 2018ರಲ್ಲಿ! ಕೇರಳದ ಪಾಂಬಾರ್ ಹೊಳೆಯಲ್ಲಿ ಗುರುತಿಸಿದ್ದ ಟಾರ್ ರೆಮಾದೇವಿ ಎಂಬುದೇ ಇದೆಂದು ಆಗ ತಿಳಿಯಿತು. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ಹೆಸರಿಡುವ ಶಾಸ್ತ್ರವೂ ಸಾವಿನ ಪಟ್ಟಿಯೂ ಒಂದೇ ವರ್ಷ. ಡೈನಮೈಟು ಹಾಕಿ ಮೀನು ಕೊಂದವರು ಇದ್ದರು, ಅಣೆಕಟ್ಟುಗಳು ಬಂದವು, ಎಲ್ಲವೂ ನಿಜ. ಆದರೆ ಅದಲ್ಲದೆ ಇನ್ನೊಂದು ಕೆಲಸವೂ ನಡೆಯಿತು. ಮಹಸೀರ್ ಕಡಿಮೆಯಾಗುತ್ತಿದೆಯೆಂದು ಮಹಾರಾಷ್ಟ್ರದ ಲೋಣಾವಳದಲ್ಲಿ ಸಾಕಿದ ಬೇರೆ ಜಾತಿಯ, ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ಗಾಳದವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ಸಂಶೋಧಕರು ತೆಗೆದು ನೋಡಿದಾಗ ನೀಲಿ ರೆಕ್ಕೆಯದು ಹೆಚ್ಚುತ್ತಾ ಹೋದದ್ದು, ನಮ್ಮ ಹೊಳೆಯದು ಕುಗ್ಗುತ್ತಾ ಬಂದದ್ದು ಕಂಡಿತು. ಒಳ್ಳೆಯದನ್ನು ಮಾಡುವ ಉದ್ದೇಶವೇ ಇದ್ದಿರಬಹುದು. ನೀರನ್ನು ಓದದೆ ಒಳ್ಳೆಯದು ಮಾಡಲು ಹೊರಟರೆ ಆಗುವುದು ಹೀಗೆ. ಆ ಲೆಕ್ಕವನ್ನು ಬರೆದಿಟ್ಟವರು ಹವ್ಯಾಸಕ್ಕೆ ಗಾಳ ಹಾಕಿದವರು, ಸರ್ಕಾರವಲ್ಲ ಎಂಬುದನ್ನೂ ಓದುಗರು ಗಮನಿಸಬೇಕು.

ಇಷ್ಟರ ಮೇಲೆ ಓದು ಬೇಕೇ ಎಂಬ ಪ್ರಶ್ನೆ ಉಳಿಯುವುದಿಲ್ಲವೆಂದು ನಾವು ಭಾವಿಸುತ್ತೇವೆ. ಉಳಿಯುವ ಪ್ರಶ್ನೆ ಮತ್ತೊಂದು, ಅದೇ ನಮ್ಮ ಪತ್ರಿಕೆಯ ಪ್ರಶ್ನೆ: ಓದಿದವನು ಯಾರಿಗೆ ದುಡಿಯಬೇಕು?

ಬೆಸ್ತರ ಮನೆಯ ಹುಡುಗಿಯೊಬ್ಬಳು ಕಷ್ಟಪಟ್ಟು ಪದವಿ ಪಡೆದಳೆಂದು ಇಟ್ಟುಕೊಳ್ಳಿ. ಮುಂದೆ ಏನು? ಇಲಾಖೆಯ ಹುದ್ದೆಗೆ ಅರ್ಜಿ ಕರೆಯುವವರೆಗೆ ಕಾಯಬೇಕು. ಕಾಯಲಾರದವರಿಗೆ ಮೇವಿನ ಕಂಪನಿ ಇದೆ, ಸೀಗಡಿ ರಫ್ತಿನ ಕಾರ್ಖಾನೆ ಇದೆ. ಬ್ಯಾಂಕಿನ ಕೃಷಿ ಅಧಿಕಾರಿಯ ಹುದ್ದೆಗೂ ಈ ಪದವಿ ನಡೆಯುತ್ತದೆ. ಅಲ್ಲಿ ಹೋಗಿ ಟ್ರ್ಯಾಕ್ಟರ್ ಸಾಲದ ಕಾಗದ ನೋಡುತ್ತಾ ಕೂರಬಹುದು. ಹೊಟ್ಟೆಪಾಡಿಗೆ ಹೋದವರನ್ನು ನಾವು ಹಳಿಯುವುದಿಲ್ಲ. ಅವಳು ಊರಿಗೇ ಬಂದು ಕೆರೆಗೆ ಇಳಿಯುತ್ತೇನೆಂದರೆ ಕೆರೆ ಯಾರದು? ದೊಡ್ಡ ಕೆರೆಗಳ ಮೀನಿನ ಹಕ್ಕು ಮೀನುಗಾರಿಕೆ ಇಲಾಖೆಯ ಕೈಯಲ್ಲಿ, ಸಣ್ಣವುಗಳದು ಪಂಚಾಯಿತಿಯ ಕೈಯಲ್ಲಿ. ಸಂಘಗಳಿಗೆ ಗುತ್ತಿಗೆ ಕೊಡುವುದುಂಟು, ಹರಾಜು ಟೆಂಡರುಗಳೂ ಉಂಟು. ಸಂಘದ ಹೆಸರು ಮುಂದೆ, ಹಣ ಹಾಕಿದ ಸಾಹುಕಾರ ಹಿಂದೆ ಎಂಬ ಏರ್ಪಾಡು ಎಂತಹದೆಂದು ಕೆರೆ ಬದಿಯ ಜನ ಬಲ್ಲರು. ಅಂತಹ ಕಡೆ ಬೆಸ್ತರಿಗೆ ದಕ್ಕುವುದು ಬಲೆ ಎಳೆದ ಕೂಲಿ. ಕೂಲಿಯವಳ ಕೈಗೆ ಪದವಿಪತ್ರ ಕೊಟ್ಟರೆ ಅವಳು ಪದವೀಧರ ಕೂಲಿಯವಳಾದಾಳು, ಇನ್ನೇನಾದಾಳು?

ಸರ್ಕಾರದ ಬಳಿ ಹಣವಿಲ್ಲವೆಂದು ಯಾರೂ ಹೇಳಬೇಡಿ. 2020ರಲ್ಲಿ ಕೇಂದ್ರ ಸರ್ಕಾರ ಮತ್ಸ್ಯ ಸಂಪದ ಯೋಜನೆಯನ್ನು ಹೊರಡಿಸಿದಾಗ ಹೇಳಿದ ಮೊತ್ತ 20,050 ಕೋಟಿ ರೂಪಾಯಿ. ಆ ಯೋಜನೆಯಲ್ಲಿ ಸಾಮಾನ್ಯರಿಗೆ ಘಟಕದ ವೆಚ್ಚದ ನೂರಕ್ಕೆ 40, ಹೆಂಗಸರಿಗೂ ಪರಿಶಿಷ್ಟರಿಗೂ ನೂರಕ್ಕೆ 60 ಸಹಾಯಧನ. ಕೇಳುವುದಕ್ಕೆ ಚೆನ್ನಾಗಿದೆ. ಕೊಳ ತೋಡಲು ನೆಲ ಬೇಕು, ಉಳಿದ ಪಾಲಿನ ಹಣ ಬೇಕು, ಬ್ಯಾಂಕಿಗೆ ಒತ್ತೆ ಬೇಕು. ಇವೆಲ್ಲ ಇದ್ದವನಿಗೆ ಸಹಾಯ ಸಿಗುತ್ತದೆ. ಇಲ್ಲದವನಿಗೆ ಯೋಜನೆಯ ಬಣ್ಣದ ಬ್ಯಾನರು ಸಿಗುತ್ತದೆ, ಮಳೆಗೆ ಮಾಡು ಮುಚ್ಚಲು ಅದೂ ಬಂದೀತು.

ಆದುದರಿಂದ ಓದಿನ ಬೇಡಿಕೆಯನ್ನೂ ನೀರಿನ ಬೇಡಿಕೆಯನ್ನೂ ನಾವು ಬೇರೆ ಮಾಡಿ ನೋಡಲಾರೆವು. ಕೇರಳ 2010ರಲ್ಲಿ, ತಮಿಳುನಾಡು 2012ರಲ್ಲಿ ಮೀನುಗಾರಿಕೆಗೆಂದೇ ವಿಶ್ವವಿದ್ಯಾಲಯ ಕಟ್ಟಿಕೊಂಡವು. ಮೊದಲ ಕಾಲೇಜು ತೆರೆದ ನಾಡು ಹಾಗೆ ಮಾಡಲಿಲ್ಲ. ಅದು ದೊಡ್ಡ ಮಾತು, ಇರಲಿ; ಇನ್ನೊಂದು ಕಟ್ಟಡ ಎದ್ದ ಮಾತ್ರಕ್ಕೆ ನಮ್ಮ ಕೆರೆಗೆ ಮೀನು ಬಾರದು. ನಮಗೆ ಬೇಕಾದದ್ದು ಕಡಲಿಲ್ಲದ ಈ ಸೀಮೆಯಲ್ಲಿ, ಕಾವೇರಿ, ಕಬಿನಿ, ಸುವರ್ಣಾವತಿಯ ನೀರಿನ ಬದಿಯಲ್ಲಿ, ಕನ್ನಡದಲ್ಲಿಯೇ ಕಲಿಸುವ ಒಂದು ಡಿಪ್ಲೊಮಾ ಶಾಲೆ. ಎಸ್ಸೆಸ್ಸೆಲ್ಸಿ ಮುಗಿಸಿದವನು ಅಲ್ಲಿಗೆ ಸೇರಬೇಕು, ನೀರು ಪರೀಕ್ಷೆ ಮಾಡುವುದನ್ನೂ ಮರಿ ಸಾಕುವುದನ್ನೂ ಕಲಿತು ಮನೆಗೆ ಮರಳಬೇಕು. ಮಂಗಳೂರಿನ ಪದವಿಗೆ ಕೃಷಿಕರ ಮಕ್ಕಳ ಕೋಟಾ ಇರುವುದು ಸರಿಯೇ. ಪಹಣಿಯಲ್ಲಿ ಹೆಸರಿಲ್ಲದ, ಬಲೆಯೊಂದೇ ಆಸ್ತಿಯಾದ ಮನೆಯ ಮಗುವಿಗೂ ಬಾಗಿಲು ಅಷ್ಟೇ ಅಗಲವಾಗಿ ತೆರೆದಿರತಕ್ಕದ್ದು, ಹಾಸ್ಟೆಲಿನ ಖರ್ಚನ್ನು ಸರ್ಕಾರ ಹೊರತಕ್ಕದ್ದು. ಓದಿ ಬಂದವರು ಸ್ಥಳೀಯ ಬೆಸ್ತರೊಡನೆ ಸೇರಿ ಸಂಘ ಕಟ್ಟಿದರೆ ಗುತ್ತಿಗೆಯಲ್ಲಿ ಆ ಸಂಘಕ್ಕೆ ಮೊದಲ ಹಕ್ಕು ಕೊಡತಕ್ಕದ್ದು.

ಸಣ್ಣ ವ್ಯಾಪಾರಿಗಳು ಇದರಲ್ಲಿ ನಮಗೇನೆಂದು ಕೇಳಬಹುದು. ಸಂತೆಯಲ್ಲಿ ಮೀನು ಮಾರುವವರನ್ನೇ ಕೇಳಿ ನೋಡಿ. ಮಂಜುಗಡ್ಡೆಯ ಖರ್ಚು ಉಳಿಸಲು ಹೋಗಿ ಮಧ್ಯಾಹ್ನಕ್ಕೆ ಅರ್ಧ ಬುಟ್ಟಿ ಕೊಳೆತದ್ದು ಎಷ್ಟು ಸಲ? ಮೀನಿನಷ್ಟೇ ತೂಕದ ಮಂಜು ಬೇಕೆಂಬುದು ಕಾಲೇಜಿನ ಪಾಠ. ಮಂಜಿನ ಘಟಕ, ತೊಳೆಯುವ ಕಟ್ಟೆ, ನೆರಳು ಇವು ಸಂತೆ ಸುಂಕ ವಸೂಲು ಮಾಡುವವರ ಹೊಣೆ. ಕೆರೆಯ ಮೀನು ಊರಿನ ಸಂಘದಿಂದ ನೇರವಾಗಿ ಸಂತೆಗೆ ಬಂದರೆ ನಡುವಿನ ಕಮಿಷನ್ನೂ ತಪ್ಪುತ್ತದೆ.

ಶಾಲೆ, ಕೋಟಾ ಎಲ್ಲವೂ ಬರುವಾಗ ಬರಲಿ. ಇಂದೇ ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮ ಊರ ಕೆರೆಯ ಮೀನಿನ ಗುತ್ತಿಗೆ ಯಾರ ಹೆಸರಿನಲ್ಲಿದೆ, ಎಷ್ಟು ಹಣಕ್ಕೆ, ಎಂದು ಮುಗಿಯುತ್ತದೆ, ಎಷ್ಟು ಮರಿ ಬಿಟ್ಟರೆಂದು ಬರೆದಿದ್ದಾರೆ, ಇಷ್ಟನ್ನೂ 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಹತ್ತು ರೂಪಾಯಿ ಕಟ್ಟಿ ಕೇಳಬಹುದು. ಉತ್ತರದ ನಕಲೊಂದನ್ನು ನಮ್ಮ ಕಚೇರಿಗೆ ತಲುಪಿಸಿದರೆ ಅದನ್ನು ಊರಿನ ಹೆಸರು ಸಹಿತ ಇಲ್ಲಿಯೇ ಅಚ್ಚು ಹಾಕುತ್ತೇವೆ.