ತೇಲೋ ಮೇಜಿನ ಮೇಲೆ ಅಷ್ಟೊಂದು ನಂಬಿಕೆ ಬೇಡ

ಬೇ ಏರಿಯಾದ ಲ್ಯಾಬುಗಳಲ್ಲಿ ಕೆಲಸ ಮಾಡೋರು, ಮಕ್ಕಳನ್ನ ಅಲ್ಲಿಗೆ ಪಿಎಚ್‌ಡಿಗೆ ಕಳಿಸಿರೋರು, ಸ್ವಲ್ಪ ಕೇಳಿ. ನಮ್ಮ ಲ್ಯಾಬಿನಲ್ಲಿ ಲೇಸರ್ ಮೇಜಿನ ಹತ್ತಿರ ಯಾರಾದರೂ ಜೋರಾಗಿ ಹೆಜ್ಜೆ ಇಟ್ಟರೂ ಪ್ರೊಫೆಸರ್ ಮುಖ ಗಂಟು ಹಾಕ್ತಾರೆ. ಅದೇ ಮೇಜಿನ ಹಿಂದೆ ಆಳೆತ್ತರದ ಗ್ಯಾಸ್ ಸಿಲಿಂಡರ್ ನಿಂತಿದೆ, ಅದಕ್ಕಿರೋದು ಒಂದೇ ಒಂದು ಸಡಿಲ ಬೆಲ್ಟು. ಭೂಕಂಪ ಆದ್ರೆ ಅಂತ ಕೇಳಿದ್ರೆ, "ಮೇಜು ಗಾಳಿ ಮೇಲೆ ತೇಲುತ್ತಲ್ಲ, ಏನಾಗಲ್ಲ" ಅಂತ ಉತ್ತರ.

ಇದು ಶುದ್ಧ ತಪ್ಪು. ಗಾಳಿ ತುಂಬಿದ ಕಾಲುಗಳ ಮೇಲಿನ ಮೇಜಿಗೆ ತನ್ನದೇ ಒಂದು ಓಲಾಟ ಇರುತ್ತೆ, ಸೆಕೆಂಡಿಗೆ ಸುಮಾರು 1ರಿಂದ 2 ಸಲ. ಅದಕ್ಕಿಂತ ತುಂಬ ವೇಗದ ನಡುಕ, ಅಂದ್ರೆ ಪಂಪು, ಫ್ಯಾನುಗಳದ್ದು, ಮೇಲಕ್ಕೆ ಹತ್ತೋದು ಬಹಳ ಕಡಿಮೆ. ಆದರೆ ಭೂಕಂಪದಲ್ಲಿ ಸೆಕೆಂಡಿಗೆ ಒಂದೆರಡು ಸಲದ ಕುಲುಕಾಟ ಬೇಕಾದಷ್ಟಿರುತ್ತೆ. ಉಯ್ಯಾಲೆಯನ್ನ ಸರಿಯಾದ ಹೊತ್ತಿಗೆ ತಳ್ಳುತ್ತಾ ಹೋದರೆ ಜೀಕು ಏರೋದಿಲ್ವೇ, ಹಾಗೆ. ಕಾಪಾಡಬೇಕಾದ ಕಾಲುಗಳೇ ಆಗ ನೆಲದ ಅಲುಗಾಟವನ್ನ ದೊಡ್ಡದು ಮಾಡಿ ಮೇಲಕ್ಕೆ ದಾಟಿಸ್ತವೆ.

ಹಾಗಂತ ಮೇಜನ್ನ ನೆಲಕ್ಕೆ ಬಿಗೀರಿ ಅಂತಿಲ್ಲ. ಬಿಗಿದರೆ ಪ್ರಯೋಗವೇ ನಡೆಯಲ್ಲ. ಸುತ್ತ ನೆಲಕ್ಕೆ ಬೋಲ್ಟ್ ಮಾಡಿದ ತಡೆಗಳು ಬೇಕು, ನಡುವೆ ಚೂರು ಸಂದು ಬಿಟ್ಟು. ದಿನಾ ಮುಟ್ಟಬಾರದು, ನಡುಗಿದ ದಿನ ಹಿಡೀಬೇಕು. ಗುರುತ್ವ ಅಲೆ ಹುಡುಕುವ ಲೈಗೋದವರು ಪ್ರೋಟಾನಿಗಿಂತ ಎಷ್ಟೋ ಸಣ್ಣ ಅಲುಗಾಟ ಅಳೀತಾರೆ. ಅವರೇ ತೂಗುಬಿಟ್ಟ ಕನ್ನಡಿಗಳ ಸುತ್ತ ಇಂಥ ತಡೆಗಳನ್ನ ಇಟ್ಟಿದ್ದಾರೆ. ಅವರದಕ್ಕಿಂತ ನಾಜೂಕೇನ್ರೀ ನಮ್ಮ ಮೇಜು?

ದುಡ್ಡಿಲ್ಲ ಅಂತಾರೆ. ಲೇಸರ್ ಕೊಳ್ಳೋಕೆ ಇತ್ತಲ್ಲ! ಸಿಲಿಂಡರಿಗೆ ಮೇಲೊಂದು ಕೆಳಗೊಂದು ಸರಪಳಿ ಹಾಕೋಕೆ ಎಷ್ಟಾಗುತ್ತೆ?

1994ರ ಜನವರಿ 17ರಂದು ನಾರ್ತ್‌ರಿಡ್ಜ್ ನಡುಗಿದಾಗ ಅಲ್ಲಿನ ವಿಶ್ವವಿದ್ಯಾಲಯದ ವಿಜ್ಞಾನ ಕಟ್ಟಡಗಳಲ್ಲಿ ಬೆಂಕಿ ಹತ್ತಿತು. ಆಗ ಬೆಳಗಿನ ಜಾವ 4:31, ಅದೂ ರಜಾ ದಿನ. ನಮ್ಮ ಕಡೆಯ ಲೋಮಾ ಪ್ರಿಯೇಟಾ ಭೂಕಂಪ 1989ರಲ್ಲಿ ಬಂದದ್ದು ಮಂಗಳವಾರ ಸಂಜೆ 5:04ಕ್ಕೆ. ಮಂಗಳವಾರ ಸಂಜೆ ಐದಕ್ಕೆ ನಿಮ್ಮ ಮಗಳು ಎಲ್ಲಿರ್ತಾಳೆ, ಯಾವ ಸಿಲಿಂಡರಿನ ಪಕ್ಕ?

ಇವತ್ತೇ ಫೋನ್ ಮಾಡಿ ಕೇಳಿ. ಲ್ಯಾಬಿನಲ್ಲಿರೋರು ನೀವೇ ಆದರೆ, ಬೆಲ್ಟಿನೊಳಗೆ ಕೈ ತೂರಿಸಿ ನೋಡಿ. ಸಲೀಸಾಗಿ ತೂರಿದರೆ ಫೋಟೋ ತೆಗೆದು ಸುರಕ್ಷತಾ ವಿಭಾಗಕ್ಕೆ ಬರೀರಿ. ನಾನು ಎರಡು ಸಲ ಬರೆದಾಯ್ತು. ಮೂರನೇದು ಈಗ ಕಳಿಸ್ತಿದ್ದೀನಿ.