ನಾದವನ್ನು ಆರಿಸುವುದೋ, ಕಟ್ಟುವುದೋ?

ಹೆಣ್ಣುಮಕ್ಕಳ ವಿದ್ಯಾಭ್ಯಾಸದಲ್ಲಿ ಸಂಗೀತಕ್ಕೆ ಸ್ಥಾನವಿರಬೇಕೆಂಬುದನ್ನು ಈ ಸಂಚಿಕೆಯ ವಾಚಕರಾದ ಪೂರ್ವವಿದ್ಯಾರ್ಥಿನಿಯರಿಗೂ ಪೋಷಕರಿಗೂ ನಾವು ಹೊಸದಾಗಿ ಹೇಳಬೇಕಾದುದಿಲ್ಲ. ಪ್ರಾರ್ಥನೆಯ ವೇಳೆಯ ಹಾಡೂ ಹಾರ್ಮೋನಿಯಮ್ಮೂ ಮಿಷನ್ ಶಾಲೆಗಳ ದಿನಚರಿಯಲ್ಲಿ ಬಹುಕಾಲದಿಂದ ಸೇರಿಹೋಗಿವೆ. ಈಗ ಹಾರ್ಮೋನಿಯಮ್ಮಿನ ಪಕ್ಕದಲ್ಲಿ, ಕೆಲವೆಡೆ ಅದರ ಸ್ಥಳದಲ್ಲಿಯೇ, ವಿದ್ಯುತ್ತಿನ ಕೀಬೋರ್ಡ್ ಬಂದು ಕುಳಿತಿದೆ. ಚಾಮರಾಜನಗರದಲ್ಲಿಯೂ ಗುಂಡ್ಲುಪೇಟೆಯಲ್ಲಿಯೂ ಮಗಳಿಗೆ ಅದನ್ನು ಕೊಡಿಸಿದ ತಂದೆತಾಯಿಗಳುಂಟು. ಒಂದು ಗುಂಡಿಯನ್ನೊತ್ತಿದರೆ ಪಿಯಾನೊ, ಇನ್ನೊಂದನ್ನೊತ್ತಿದರೆ ಪಿಟೀಲು, ಮತ್ತೊಂದಕ್ಕೆ ಚರ್ಚಿನ ಆರ್ಗನ್. ಹೀಗೆ ನೂರಾರು ನಾದಗಳು ಅದರಲ್ಲಿ ಸಿದ್ಧವಾಗಿರುತ್ತವೆ. ಇಂಥ ಕಾಲದಲ್ಲಿ ಬಾಲಿಕೆಯರು ನಾದವನ್ನು ಮೊದಲಿನಿಂದ ತಾವೇ ಕಟ್ಟಲು ಕಲಿಯಲಿ ಎಂದರೆ, ಅಂಗಡಿಯಲ್ಲಿ ಅರಿವೆ ಸಿಕ್ಕುವಾಗ ಹತ್ತಿಯನ್ನು ಬಿತ್ತಲು ಹೇಳಿದಂತೆ ತೋರಬಹುದು. ಆದರೂ ಹಾಗೆಯೇ ಕಲಿಸಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲು ಎರಡು ಬಗೆಯ ಯಂತ್ರಗಳ ಭೇದವನ್ನು ತಿಳಿಯುವುದು ಅವಶ್ಯ. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಅಗ್ಗದ ಕೀಬೋರ್ಡುಗಳಲ್ಲಿ ನಾದಗಳನ್ನು ಕಾರ್ಖಾನೆಯಲ್ಲಿಯೇ ತುಂಬಿಟ್ಟಿರುವರು. ನುಡಿಸುವವರು ಅವುಗಳಲ್ಲಿ ಒಂದನ್ನು ಆರಿಸಬಹುದೇ ಹೊರತು ಒಳಹೊಕ್ಕು ತಿದ್ದಲು ಬಹುಮಟ್ಟಿಗೆ ಅವಕಾಶವಿರುವುದಿಲ್ಲ. ಸಿಂಥಸೈಸರ್ ಎಂಬ ಯಂತ್ರದ ಉದ್ದೇಶವೇ ಬೇರೆ. ಅದರಲ್ಲಿ ಸಿದ್ಧನಾದಗಳನ್ನು ಬದಿಗಿಟ್ಟು, ಬರಿಯ ಹಲಗೆಯಂತೆ ಖಾಲಿಯಾದ ಸ್ಥಿತಿಯಿಂದ ಆರಂಭಿಸಬಹುದು. ನೋಡುವುದಕ್ಕೆ ಎರಡೂ ಒಂದೇ ಬಗೆಯವಾಗಿ ಕಾಣುವುದರಿಂದ, ಕೊಳ್ಳಹೊರಟ ಪೋಷಕರು ಎಷ್ಟು ನಾದಗಳಿವೆ ಎಂದು ವಿಚಾರಿಸುವುದಕ್ಕೆ ಮುಂಚೆ, ಒಂದು ನಾದವನ್ನಾದರೂ ಮೊದಲಿನಿಂದ ಕಟ್ಟಲು ಇದರಲ್ಲಿ ಸಾಧ್ಯವೇ ಎಂದು ಕೇಳುವುದು ಲೇಸು.

ಕಟ್ಟುವ ಕ್ರಮವು ತೋರುವಷ್ಟು ಕಠಿಣವಲ್ಲ. ಮೂಲನಾದವನ್ನು ಹುಟ್ಟಿಸುವ ಭಾಗಕ್ಕೆ ಆಸಿಲೇಟರ್ ಎಂದು ಹೆಸರು. ಅದರ ಅಲೆಯನ್ನು ಗರಗಸದ ಹಲ್ಲಿನ ಆಕಾರದಲ್ಲಿಟ್ಟು ಸೆಕೆಂಡಿಗೆ ೨೦೦ ಕಂಪನಗಳ ಸ್ವರವನ್ನು ಹಿಡಿದರೆ, ಅದರೊಡನೆ ೪೦೦, ೬೦೦, ೮೦೦ ಎಂಬ ಉಪಸ್ವರಗಳೂ ಎರಡನೆಯ ಒಂದು, ಮೂರನೆಯ ಒಂದು, ನಾಲ್ಕನೆಯ ಒಂದು ಪಾಲು ಬಲದಿಂದ ಕ್ರಮವಾಗಿ ಏಳುವುವು. ಅಲೆಯನ್ನು ಚೌಕಾಕಾರ ಮಾಡಿದರೆ ೬೦೦, ೧೦೦೦ ಎಂಬಂತೆ ಬೆಸಸಂಖ್ಯೆಯ ಉಪಸ್ವರಗಳು ಮಾತ್ರ ಉಳಿದು ನಾದವು ಟೊಳ್ಳು ಕೊಳವೆಯದರಂತೆ ಕೇಳುವುದು. ಎರಡನೆಯದಾದ ಫಿಲ್ಟರ್ ಎಂಬುದು ಜರಡಿ. ಬೇಡದ ಉಪಸ್ವರಗಳನ್ನು ತಡೆದು ಬೇಕಾದುದನ್ನು ಬಿಡುವುದು ಅದರ ಕೆಲಸ. ಮೂರನೆಯದು ಎನ್ವಲಪ್. ತಂತಿಯನ್ನು ಮೀಟಿದರೆ ನಾದವು ಒಮ್ಮೆಗೇ ಎದ್ದು ಮೆಲ್ಲಗೆ ಅಡಗುವುದು. ಪಿಟೀಲಿನಲ್ಲಾದರೋ ಕಮಾನನ್ನು ಎಳೆಯುವವರೆಗೂ ನಿಲ್ಲುವುದು. ಏಳುವಿಕೆ, ಇಳಿಯುವಿಕೆ, ನಿಲ್ಲುವಿಕೆ, ಅಡಗುವಿಕೆ ಎಂಬ ಈ ನಾಲ್ಕು ಘಟ್ಟಗಳಿಗೆ ಎನ್ವಲಪ್ಪಿನಲ್ಲಿ ನಾಲ್ಕು ತಿರುವುವ ಗುಂಡಿಗಳಿರುವುವು. ಸ್ವರವೇ ಇಲ್ಲದ ಬರಿಯ ಗದ್ದಲವನ್ನು ಕೊಡುವ ಮೂಲವೊಂದೂ ಅನೇಕ ಯಂತ್ರಗಳಲ್ಲಿ ಉಂಟು. ಗುಂಡ್ಲುಪೇಟೆಯ ಬಾಲಿಕೆಗೆ ಪ್ರಥಮ ಪಾಠ ಇದರಿಂದಲೇ ಆಗಬಹುದು: ಆ ಗದ್ದಲವನ್ನು ಫಿಲ್ಟರಿನ ಮೂಲಕ ಹಾಯಿಸಿ, ಜರಡಿಯನ್ನು ಮೆಲ್ಲನೆ ತೆರೆದು ಮೆಲ್ಲನೆ ಮುಚ್ಚಿದರೆ, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲಿನ ಗಾಳಿಯು ಕೊಠಡಿಯೊಳಗೆ ಬೀಸಿದಂತಾಗುವುದು.

ಎರಡನೆಯ ಪಾಠಕ್ಕೆ ನಮ್ಮ ಜಿಲ್ಲೆಯಲ್ಲಿ ಹುಡುಕಾಡಬೇಕಾದುದಿಲ್ಲ. ೧೯೯೭ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾದ ಚಾಮರಾಜನಗರ ಜಿಲ್ಲೆಯು ಮಲೆ ಮಹದೇಶ್ವರನ ಬೆಟ್ಟವಿರುವ ಸೀಮೆ; ಅವನ ಕಥೆಯನ್ನು ಹಾಡುವವರ ಕೈಯ ಕಂಸಾಳೆಯ ಸೀಮೆ. ಬಟ್ಟಲಿನಾಕಾರದ ಕಂಚಿನ ತಾಳವೊಂದು, ಚಪ್ಪಟೆಯ ತಾಳವೊಂದು. ಇವೆರಡರ ತಾಗುವಿಕೆಯಿಂದ ಏಳುವ ನಾದವನ್ನು ಇಲ್ಲಿ ಕೇಳದವರು ವಿರಳ. ಕಂಚಿನ ಸ್ವಭಾವವು ತಂತಿಯದಕ್ಕಿಂತ ಭಿನ್ನವಾದುದು. ಅದರ ಉಪಸ್ವರಗಳು ಒಂದು, ಎರಡು, ಮೂರು ಎಂಬ ಕ್ರಮದಲ್ಲಿ ನಿಲ್ಲುವುದಿಲ್ಲ. ಆದುದರಿಂದ ಗರಗಸದ ಅಲೆಯನ್ನು ಎಷ್ಟು ಜರಡಿ ಹಿಡಿದರೂ ಕಂಸಾಳೆ ಹುಟ್ಟದು. ಇದಕ್ಕೆ ದಾರಿಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜಾನ್ ಚೌನಿಂಗ್ ೧೯೬೭ರಲ್ಲಿ ಕಂಡು ೧೯೭೩ರಲ್ಲಿ ಪ್ರಕಟಿಸಿದರು. ೧೯೮೩ರಲ್ಲಿ ಯಮಾಹಾ ಕಂಪೆನಿಯ ಡಿಎಕ್ಸ್ ೭ ಎಂಬ ಯಂತ್ರದ ಮೂಲಕ ಅದು ಲೋಕದಲ್ಲೆಲ್ಲಾ ಹರಡಿತು. ಒಂದು ಆಸಿಲೇಟರಿನ ಧ್ವನಿಯನ್ನು ಹೊರಗೆ ಕೇಳಗೊಡದೆ, ಅದರಿಂದ ಇನ್ನೊಂದರ ಶ್ರುತಿಯನ್ನು ಅತಿವೇಗವಾಗಿ ತೂಗಾಡಿಸುವುದೇ ಆ ಉಪಾಯ. ಗಂಟೆಯ ನಾದಕ್ಕೆ ಅವರು ಕೊಟ್ಟ ಉದಾಹರಣೆಯಲ್ಲಿ ಕೇಳಿಸತಕ್ಕುದು ೨೦೦ ಕಂಪನಗಳದು, ತೂಗಾಡಿಸತಕ್ಕುದು ೨೮೦ ಕಂಪನಗಳದು. ಕೂಡಿ ಕಳೆದರೆ ೪೮೦, ೮೦, ೭೬೦, ೩೬೦ ಎಂಬ ಉಪಸ್ವರಗಳು ಹುಟ್ಟುವುವು. ಇವುಗಳಲ್ಲಿ ಒಂದೂ ೨೦೦ರ ಗುಣಕವಲ್ಲ. ಲೋಹದ ಗುಣ ಬಂದುದು ಅದರಿಂದಲೇ. ತೂಗಾಟವು ಮೊದಲು ಬಲವಾಗಿದ್ದು ನಾದದೊಡನೆ ಕ್ಷೀಣಿಸುವಂತೆ ಮಾಡಿದರೆ, ಹೊಡೆದ ಕ್ಷಣದ ಝಣತ್ಕಾರವು ಮೃದುವಾಗುತ್ತಾ ಅಡಗುವುದು. ಇದನ್ನೇ ಮೇಲಿನ ಸ್ಥಾಯಿಗೆ ಏರಿಸಿ, ಏಳುವಿಕೆಯನ್ನು ಚುರುಕುಮಾಡಿ, ಆರಂಭಕ್ಕೆ ಚಿಟಿಕೆಯಷ್ಟು ಗದ್ದಲವನ್ನು ಸೇರಿಸಿದರೆ ಕಂಸಾಳೆಯ ಸಮೀಪಕ್ಕೆ ಬರಬಹುದು.

ಸಮೀಪಕ್ಕೆ ಎಂದೆವು; ಕಂಸಾಳೆಯೇ ಆಗುವುದೆಂದು ಹೇಳಲಿಲ್ಲ. ನಮ್ಮ ವಾದದ ತಿರುಳು ಇಲ್ಲಿದೆ. ಹತ್ತು ಸಲ ತಿದ್ದಿದರೂ ಯಂತ್ರದ ನಾದಕ್ಕೂ ಬೆಟ್ಟದ ದಾರಿಯಲ್ಲಿ ಕೇಳಿದ ನಾದಕ್ಕೂ ನಡುವೆ ಒಂದು ಅಂತರ ಉಳಿಯುತ್ತದೆ. ಆ ಅಂತರವೇನೆಂದು ಹುಡುಕುವಾಗ ಬಾಲಿಕೆಯ ಕಿವಿಯು ತೆರೆಯುತ್ತದೆ. ಕಲಾವಿದನು ತಾಳವನ್ನು ಪ್ರತಿಸಲವೂ ಒಂದೇ ಬಗೆಯಾಗಿ ತಾಗಿಸುವುದಿಲ್ಲ. ಒಮ್ಮೆ ಬಿಟ್ಟು ಹೊಡೆಯುವನು, ಒಮ್ಮೆ ಅದುಮಿ ಹಿಡಿಯುವನು, ಒಮ್ಮೆ ಉಜ್ಜುವನು. ವರ್ಷಗಟ್ಟಳೆ ಕೇಳಿಯೂ ಗಮನಿಸದೆ ಇದ್ದ ಈ ಸಂಗತಿಗಳು, ಕಟ್ಟಹೊರಟವಳಿಗೆ ಒಂದು ಮಧ್ಯಾಹ್ನದಲ್ಲಿ ಕಾಣುವುವು. ಸಿದ್ಧನಾದವನ್ನು ಆರಿಸುವವಳಿಗೆ ಈ ಅವಶ್ಯಕತೆಯೇ ಒದಗುವುದಿಲ್ಲ. ಯಂತ್ರವು ಕಲಾವಿದನ ಅನ್ನವನ್ನು ಕಸಿಯುವುದಿಲ್ಲವೇ ಎಂದು ಕೇಳುವವರಿಗೂ ಇದೇ ಉತ್ತರ. ಕಟ್ಟಲು ಕಲಿಯುವವಳು ಮೊದಲು ಕಲಾವಿದನ ಮುಂದೆ ಕುಳಿತು ಕೇಳಲೇಬೇಕು. ಕಟ್ಟಿ ಮುಗಿಸಿದ ಮೇಲೆ ಅವನ ಕೈಗೆ ಹೆಚ್ಚು ಗೌರವವನ್ನೇ ಸಲ್ಲಿಸುವಳು. ಕಂಸಾಳೆಯವರ ಭಕ್ತಿಮಾರ್ಗ ಅವರದು, ನಮ್ಮದು ನಮ್ಮದು, ನಾದವು ನಾಡಿನದು. ೧೫೦ನೆಯ ಕೀರ್ತನೆಯು ದೇವರ ಸ್ತುತಿಗೆ ತಾಳಗಳನ್ನೂ ಕರೆದಿರುವುದನ್ನು ಮರೆಯಲಾಗದು.

ನಮ್ಮ ನಾದವು ಯಂತ್ರದೊಳಗೆ ತಾನಾಗಿಯೇ ಬಂದು ಸೇರಲಾರದು. ಇಂದು ಕರ್ನಾಟಕದ ಕಚೇರಿಗಳಲ್ಲಿ ಕೇಳಿಬರುವ ಎಲೆಕ್ಟ್ರಾನಿಕ್ ತಂಬೂರಿಯನ್ನು ನೋಡಿರಿ. ೧೯೭೯ರಲ್ಲಿ ಅದನ್ನು ರೂಪಿಸಿದವರು ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು. ಎಂಜಿನಿಯರರೂ ಹೌದು, ಕೊಳಲು ನುಡಿಸುವವರೂ ಹೌದು. ಇನ್ನೂ ಹಿಂದೆ, ೧೯೨೦ರಲ್ಲಿಯೇ, ಸಿ. ವಿ. ರಾಮನ್ ಅವರು ತಮ್ಮ ಸಹಾಯಕರೊಡನೆ ಮೃದಂಗವನ್ನು ಪರೀಕ್ಷಿಸಿ, ಚರ್ಮದ ಮೇಲಿನ ಕರಣೆಯ ಭಾರದಿಂದಲೇ ಅದರ ಉಪಸ್ವರಗಳು ತಂತಿಯವುಗಳಂತೆ ಕ್ರಮಕ್ಕೆ ಬರುತ್ತವೆಂದು ತೋರಿಸಿದರು. ಕರಣೆಯಿಲ್ಲದ ನಮ್ಮ ತಮಟೆಯು ಏಕೆ ಬೇರೆ ಬಗೆಯಾಗಿ ನುಡಿಯುವುದೆಂಬುದು ಇದರಿಂದ ತಿಳಿಯುತ್ತದೆ. ತಂಬೂರಿಗೆ ಕಿವಿಗೊಟ್ಟವರಿದ್ದರು, ಅದು ಯಂತ್ರಕ್ಕೆ ಬಂದಿತು. ತಮಟೆಗೂ ಕಂಸಾಳೆಗೂ ನೀಲಗಾರರ ಗಗ್ಗರಕ್ಕೂ ಹಾಗೆ ಕಿವಿಗೊಡುವವರು ನಮ್ಮ ಬಾಲಿಕೆಯರಲ್ಲದೆ ಇನ್ನಾರು?

ಹುಡುಗಿಯರಿಗೆ ಯಂತ್ರದ ಗೊಡವೆ ಏಕೆಂಬ ಮಾತು ಇನ್ನೂ ಅಲ್ಲಲ್ಲಿ ಕೇಳಿಬರುತ್ತದೆ. ೧೯೫೮ರಲ್ಲಿ ಬಿಬಿಸಿಯ ರೇಡಿಯೊಫೋನಿಕ್ ಕಾರ್ಯಾಗಾರವನ್ನು ಸ್ಥಾಪಿಸಿದವರಲ್ಲಿ ಡ್ಯಾಫ್ನಿ ಓರಮ್ ಎಂಬ ಮಹಿಳೆಯು ಒಬ್ಬರು. ಕೇಂಬ್ರಿಜ್ಜಿನಲ್ಲಿ ಗಣಿತವನ್ನೂ ಸಂಗೀತವನ್ನೂ ಓದಿದ ಡೀಲಿಯಾ ಡರ್ಬಿಷೈರ್ ೧೯೫೯ರಲ್ಲಿ ಕೆಲಸ ಕೇಳಿದಾಗ, ಧ್ವನಿಮುದ್ರಣದ ಕಂಪೆನಿಯೊಂದು ತನ್ನ ಸ್ಟುಡಿಯೋಗಳಲ್ಲಿ ಹೆಂಗಸರಿಗೆ ಸ್ಥಳವಿಲ್ಲವೆಂದಿತು. ಆಕೆಯೇ ೧೯೬೩ರಲ್ಲಿ ಮೇಲೆ ಹೇಳಿದ ಕಾರ್ಯಾಗಾರದಲ್ಲಿ, 'ಡಾಕ್ಟರ್ ಹೂ' ಎಂಬ ಟೆಲಿವಿಷನ್ ಧಾರಾವಾಹಿಗೆ ರಾನ್ ಗ್ರೇನರ್ ಬರೆದ ರಾಗವನ್ನು, ಆಸಿಲೇಟರಿನ ನಾದಗಳನ್ನು ಟೇಪಿನ ಮೇಲೆ ಹಿಡಿದು ಕತ್ತರಿಸಿ ಅಂಟಿಸಿ ಕಟ್ಟಿದರು. ಅವರ ಹೆಸರು ಪರದೆಯ ಮೇಲೆ ಬಂದುದು ೨೦೧೩ರಲ್ಲಿ. ಆ ವೇಳೆಗೆ ಅವರು ಜೀವಿಸಿರಲಿಲ್ಲ. ನಮ್ಮ ದೇಶದಲ್ಲಿಯೂ, ೧೯೬೯ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಸಿಂಥಸೈಸರ್ ಬಂದಾಗ, ಅದರ ಮೇಲೆ ನಾದರಚನೆ ಮಾಡಿದವರಲ್ಲಿ ಪಖಾವಾಜ್ ನುಡಿಸಬಲ್ಲ ಗೀತಾ ಸಾರಾಭಾಯಿಯವರೂ ಒಬ್ಬರು. ಸಾಮರ್ಥ್ಯಕ್ಕೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ಬಾಗಿಲು ತೆರೆಯುವವರಿಗೆ. ಬಾಗಿಲು ತೆರೆಯುವುದು ಹೆಣ್ಣುಮಕ್ಕಳ ಶಾಲೆಯ ಧರ್ಮವಲ್ಲವೇ?

ಪರೀಕ್ಷೆಯ ಅಂಕಗಳಿಗೆ ಇದರಿಂದ ಏನು ಬಂತೆಂದು ಪೋಷಕರು ಕೇಳುವುದು ನ್ಯಾಯವೇ. ಆವೃತ್ತಿ, ಪಾರ ಎಂಬ ಮಾತುಗಳನ್ನು ವಿಜ್ಞಾನದ ಪಾಠದಲ್ಲಿ ಕಂಠಪಾಠ ಮಾಡುವ ಬಾಲಿಕೆಯು, ಒಂದು ಗುಂಡಿಯನ್ನು ತಿರುವಿ ಶ್ರುತಿ ಏರುವುದನ್ನೂ ಇನ್ನೊಂದನ್ನು ತಿರುವಿ ಧ್ವನಿ ದೊಡ್ಡದಾಗುವುದನ್ನೂ ಕೇಳಿದಮೇಲೆ ಅವುಗಳನ್ನು ಮರೆಯಲಾರಳು. ಮೊಬೈಲಿನಲ್ಲಿಯೇ ಇದೆಲ್ಲಾ ದೊರೆಯುವುದಿಲ್ಲವೇ ಎಂದರೆ, ದೊರೆಯುವುದು ನಿಜ. ಆದರೆ ಅಲ್ಲಿ ಕಣ್ಣು ಮುಂದು, ಕಿವಿ ಹಿಂದು. ನಡುನಡುವೆ ಬೇರೆ ಕರೆಗಳೂ ಬರುವುವು. ಮೇಜಿನ ಮೇಲಿಟ್ಟ ಯಂತ್ರದ ಸುತ್ತ ನಾಲ್ವರು ಕುಳಿತು, ಒಬ್ಬಳು ತಿರುವಿ ಮೂವರು ಕೇಳಿ ಚರ್ಚಿಸುವುದರಲ್ಲಿ ಲಾಭ ಹೆಚ್ಚು. ಖರ್ಚಿನ ಪ್ರಶ್ನೆಗೂ ಇದರಲ್ಲಿಯೇ ಸಮಾಧಾನವಿದೆ. ಒಬ್ಬೊಬ್ಬರಿಗೆ ಒಂದೊಂದು ಬೇಡ. ಶಾಲೆಗೆ ಒಂದು ಸಣ್ಣ ಸಿಂಥಸೈಸರ್, ವಾರಕ್ಕೆ ಒಂದು ಪೀರಿಯಡ್, ಕಟ್ಟಿದ ನಾದಕ್ಕೆ ಹೆಸರಿಟ್ಟು ಗುಂಡಿಗಳ ಸ್ಥಾನವನ್ನು ಬರೆದಿಡಲು ಒಂದು ನೋಟುಪುಸ್ತಕ, ಇಷ್ಟು ಸಾಕು. ಮುಂದಿನ ವರ್ಷದ ಬಾಲಿಕೆಯು ಅದನ್ನು ಓದಿ, ಅಕ್ಕ ನಿಲ್ಲಿಸಿದ ಸ್ಥಳದಿಂದ ಮುಂದುವರಿಯುವಳು.

ಪೂರ್ವವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ವಿಜ್ಞಾಪನೆ. ಎಂಜಿನಿಯರರೂ ಅಧ್ಯಾಪಿಕೆಯರೂ ಗಾಯಕಿಯರೂ ಆಗಿರುವವರು ವರ್ಷಕ್ಕೆ ಒಂದೆರಡು ಮಧ್ಯಾಹ್ನಗಳನ್ನು ಈ ಕೆಲಸಕ್ಕೆ ಕೊಡಬಹುದು. ಊರಿನ ಕಂಸಾಳೆಯವರನ್ನೂ ತಮಟೆಯವರನ್ನೂ ಸಂಭಾವನೆಯೊಡನೆ ಶಾಲೆಗೆ ಬರಮಾಡಿಕೊಳ್ಳಲು ನೆರವಾಗಬಹುದು. ತಲಾಂತುಗಳ ಸಾಮ್ಯವನ್ನು ನಾವೆಲ್ಲರೂ ಬಾಲ್ಯದಲ್ಲಿ ಓದಿದ್ದೇವೆ. ಯಜಮಾನನು ಆಕ್ಷೇಪಿಸಿದುದು ಕೊಟ್ಟುದನ್ನು ಕೊಟ್ಟಂತೆಯೇ ಹೂತಿಟ್ಟು ಹಿಂದಿರುಗಿಸಿದ ಆಳನ್ನು. ಕಾರ್ಖಾನೆಯವರು ತುಂಬಿಕೊಟ್ಟ ನಾದಗಳನ್ನು ಹಾಗೆಯೇ ಒತ್ತಿ ಹಾಗೆಯೇ ಮುಚ್ಚಿಡುವುದೂ ಅಂಥದೇ ಒಂದು ಬಗೆಯ ಹೂಳುವಿಕೆ. ನಮ್ಮ ಮಕ್ಕಳು ಅದಕ್ಕೆ ಒಂದು ನಾದವನ್ನಾದರೂ ಕೂಡಿಸಿ ಕೊಡಲಿ, ಆ ಒಂದು ಈ ನಾಡಿನದಾಗಿರಲಿ ಎಂದು ಹಾರೈಸುತ್ತೇವೆ.