ಎಪ್ಪತ್ತು ದಾಟಿದವರ ಲೈಸನ್ಸ್: ಮತ್ತೊಮ್ಮೆ ಪರೀಕ್ಷೆ ಬೇಕೇ?

ನಮ್ಮ ಕರಾವಳಿಯ ಯಾವುದೇ ಮೊಹಲ್ಲಾದ ಮಸೀದಿ ಎದುರು ಸುಬ್ಹಿ ನಮಾಝ್ ಹೊತ್ತಿಗೆ ಒಮ್ಮೆ ನಿಂತು ನೋಡಿ. ಇನ್ನೂ ಬೆಳಕು ಹರಿದಿರುವುದಿಲ್ಲ. ಒಂದರ ಹಿಂದೆ ಒಂದು ಸ್ಕೂಟರ್ ಬಂದು ನಿಲ್ಲುತ್ತದೆ. ಇಳಿಯುವವರಲ್ಲಿ ಹೆಚ್ಚಿನವರು ಅರುವತ್ತೈದು ದಾಟಿದವರು. ಕೆಲವರಿಗೆ ಕಣ್ಣಿನ ಪೊರೆ ತೆಗೆಸಿ ಆಗಿದೆ, ಕೆಲವರಿಗೆ ಇನ್ನೂ ತೆಗೆಸಬೇಕಷ್ಟೆ. ಶುಗರ್, ಬಿಪಿ ಇಲ್ಲದವರು ಕಡಿಮೆ. ಮಗ ದಮ್ಮಾಮಿನಲ್ಲೋ ದುಬೈಯಲ್ಲೋ ಇರುತ್ತಾನೆ, ಸೊಸೆ ಮಕ್ಕಳ ಶಾಲೆಯ ಗಡಿಬಿಡಿಯಲ್ಲಿರುತ್ತಾಳೆ. ಮೀನು ತರುವುದು, ರೇಷನ್ ತರುವುದು, ಮೊಮ್ಮಗಳನ್ನು ಮದ್ರಸಕ್ಕೆ ಬಿಡುವುದು, ಎಲ್ಲಾ ಈ ಹಿರಿಯರ ಸ್ಕೂಟರಿನಲ್ಲೇ ಆಗಬೇಕು.

ಇಂಥವರು ಲೈಸನ್ಸ್ ಉಳಿಸಿಕೊಳ್ಳಬೇಕಾದರೆ ಮತ್ತೊಮ್ಮೆ ಪರೀಕ್ಷೆ ಕೊಡಬೇಕೇ? ಕೇಳಿದ ಕೂಡಲೇ ಕೆಲವರು 'ಹೌದು ಮಾರಾಯ್ರೇ, ಬೇಕೇ ಬೇಕು' ಎನ್ನುತ್ತಾರೆ. ಇನ್ನು ಕೆಲವರು 'ನಲುವತ್ತು ವರ್ಷ ಗಾಡಿ ಬಿಟ್ಟವರಿಗೆ ಎಂತ ಪರೀಕ್ಷೆ?' ಎಂದು ಸಿಟ್ಟಾಗುತ್ತಾರೆ. ಎರಡೂ ಕಡೆ ಸ್ವಲ್ಪ ಸತ್ಯ ಉಂಟು. ಹಾಗಾಗಿ ಇದನ್ನು ಸ್ವಲ್ಪ ಸಮಾಧಾನದಿಂದ ನೋಡೋಣ.

ಈ ಚರ್ಚೆ ಈಗ ಹಲವು ದೇಶಗಳಲ್ಲಿ ನಡೆಯುತ್ತಿದೆ. ಬ್ರಿಟನ್‌ನಲ್ಲಿ 70 ವರ್ಷವಾದಾಗ ಲೈಸನ್ಸ್ ನವೀಕರಿಸಬೇಕು, ಆಮೇಲೆ ಮೂರು ವರ್ಷಕ್ಕೊಮ್ಮೆ. ಆದರೆ ಅದಕ್ಕೆ ಪರೀಕ್ಷೆ ಏನೂ ಇಲ್ಲ, 'ನನ್ನ ಕಣ್ಣು, ಆರೋಗ್ಯ ಸರಿಯಿದೆ' ಎಂದು ತಾವೇ ಬರೆದುಕೊಟ್ಟರೆ ಸಾಕು. ದೃಷ್ಟಿ ಕುಂದಿದ ಚಾಲಕರಿಂದ ನಾಲ್ವರು ಸತ್ತ ಪ್ರಕರಣಗಳ ವಿಚಾರಣೆ ನಡೆಸಿದ ಅಲ್ಲಿನ ಅಧಿಕಾರಿ 2025ರಲ್ಲಿ ಈ ವ್ಯವಸ್ಥೆಯನ್ನು ಕಟುವಾಗಿ ಟೀಕಿಸಿದರು. 2026ರ ಜನವರಿಯಲ್ಲಿ ಅಲ್ಲಿನ ಸರಕಾರ ಹೊರಡಿಸಿದ ರಸ್ತೆ ಸುರಕ್ಷಾ ಯೋಜನೆಯಲ್ಲಿ 70 ದಾಟಿದವರಿಗೆ ಕಣ್ಣಿನ ಪರೀಕ್ಷೆ ಕಡ್ಡಾಯ ಮಾಡುವ ಪ್ರಸ್ತಾಪ ಸೇರಿದೆ.

ಜಪಾನ್ ಇನ್ನೂ ಮುಂದೆ ಹೋಗಿದೆ. 2019ರ ಎಪ್ರಿಲ್‌ನಲ್ಲಿ ಟೋಕಿಯೊದ ಇಕೆಬುಕುರೊ ಎಂಬಲ್ಲಿ 87 ವರ್ಷದ ವ್ಯಕ್ತಿಯೊಬ್ಬರು ಓಡಿಸುತ್ತಿದ್ದ ಕಾರು ಡಿಕ್ಕಿಯಾಗಿ ಒಬ್ಬ ತಾಯಿ ಮತ್ತು ಅವರ ಪುಟ್ಟ ಮಗಳು ಮೃತಪಟ್ಟರು. ಕಾರು ಓಡಿಸಿದವರಿಗೆ ಐದು ವರ್ಷ ಜೈಲಾಯಿತು. ಅಲ್ಲಿ 75 ದಾಟಿದವರು ನವೀಕರಣದ ಹೊತ್ತಿಗೆ ನೆನಪಿನ ಶಕ್ತಿಯ ಪರೀಕ್ಷೆ ಕೊಡಬೇಕು. 2022ರಿಂದ, ಆ ವಯಸ್ಸಿನವರಲ್ಲಿ ಕೆಲವು ಬಗೆಯ ಸಂಚಾರ ನಿಯಮ ಮುರಿದವರು ಗಾಡಿ ಓಡಿಸಿಯೂ ತೋರಿಸಬೇಕು. ಅದರ ಜೊತೆಗೆ, ತಾವಾಗಿಯೇ ಲೈಸನ್ಸ್ ಹಿಂದಿರುಗಿಸಿದವರಿಗೆ ಅನೇಕ ಊರುಗಳಲ್ಲಿ ಬಸ್ಸು, ಟ್ಯಾಕ್ಸಿ ದರದಲ್ಲಿ ರಿಯಾಯಿತಿ ಕೊಡುತ್ತಾರೆ. ಈ ಎರಡನೇ ಭಾಗವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೋದವರೂ ಇದ್ದಾರೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 79 ದಾಟಿದವರೆಲ್ಲ ರಸ್ತೆ ಪರೀಕ್ಷೆ ಕೊಡಬೇಕಿತ್ತು. ಅಲ್ಲಿ 2025ರಲ್ಲಿ ಕಾನೂನು ಬದಲಿಸಿ ಆ ವಯಸ್ಸನ್ನು 87ಕ್ಕೆ ಏರಿಸಿದರು, 2026ರ ಜುಲೈಯಿಂದ ಅದು ಜಾರಿ. ಅದೇ ಕಾನೂನಿನಲ್ಲಿ, ಮನೆಯವರೇ 'ಇವರಿಗೆ ಈಗ ಓಡಿಸಲು ಆಗುವುದಿಲ್ಲ' ಎಂದು ಇಲಾಖೆಗೆ ತಿಳಿಸುವ ದಾರಿಯನ್ನೂ ಮಾಡಿಕೊಟ್ಟರು. ಡೆನ್ಮಾರ್ಕ್ ದೇಶದ ಅನುಭವ ಇನ್ನೂ ವಿಚಿತ್ರ. ಅಲ್ಲಿ ಹಿರಿಯ ಚಾಲಕರಿಗೆ ನೆನಪಿನ ಪರೀಕ್ಷೆ ತಂದ ಮೇಲೆ ಅವರ ಕಾರು ಅಪಘಾತಗಳು ಕಡಿಮೆಯಾದದ್ದು ಸಂಶೋಧಕರಿಗೆ ಕಾಣಲಿಲ್ಲ. ಬದಲಿಗೆ ನಡೆದುಕೊಂಡು, ಸೈಕಲ್ಲಿನಲ್ಲಿ ಹೋಗುವ ಹಿರಿಯರ ಸಾವು ಹೆಚ್ಚಾದದ್ದು ಕಂಡಿತು. ಕಾರು ಬಿಟ್ಟವರು ಮನೆಯಲ್ಲಿ ಕೂರಲಿಲ್ಲ, ರಸ್ತೆಯ ಬದಿಗೆ ಬಂದರು, ಅಲ್ಲಿ ಸಿಕ್ಕಿಬಿದ್ದರು. 2017ರಲ್ಲಿ ಆ ದೇಶ ವಯಸ್ಸಿನ ಆಧಾರದ ತಪಾಸಣೆಯನ್ನೇ ಕೈಬಿಟ್ಟಿತು.

ಈಗ ನಮ್ಮ ದೇಶಕ್ಕೆ ಬರೋಣ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಗಾಡಿ ಓಡಿಸಲು ಕನಿಷ್ಠ ವಯಸ್ಸು ಇದೆ, ಗರಿಷ್ಠ ವಯಸ್ಸು ಇಲ್ಲ. 2019ರ ತಿದ್ದುಪಡಿಯ ಪ್ರಕಾರ 30ರಿಂದ 50ರೊಳಗಿನವರಿಗೆ ಖಾಸಗಿ ವಾಹನದ ಲೈಸನ್ಸ್ ಹತ್ತು ವರ್ಷಕ್ಕೆ, 50ರಿಂದ 55ರೊಳಗಿನವರಿಗೆ 60 ತುಂಬುವವರೆಗೆ, 55 ದಾಟಿದವರಿಗೆ ಐದೈದು ವರ್ಷಕ್ಕೆ ಸಿಗುತ್ತದೆ. ಎಂಬತ್ತೈದರಲ್ಲಿ ನವೀಕರಿಸಿದರೂ ಅದೇ ಐದು ವರ್ಷ! ಅವಧಿ ಮುಗಿದು ಒಂದು ವರ್ಷ ದಾಟಿದರೆ ಮಾತ್ರ ಮತ್ತೆ ಓಡಿಸಿ ತೋರಿಸಬೇಕು. ಅದಕ್ಕೆ ಮೊದಲೇ ಅರ್ಜಿ ಹಾಕಿದರೆ ಪರೀಕ್ಷೆ ಇಲ್ಲ.

ಹಾಗಾದರೆ ತಡೆ ಎಲ್ಲಿದೆ? ಒಂದೇ ಒಂದು ಕಡೆ, ವೈದ್ಯರ ಸರ್ಟಿಫಿಕೇಟಿನಲ್ಲಿ. ಅದರ ಹೆಸರು ಫಾರ್ಮ್ 1ಎ. ಅದನ್ನು ಓದಿದರೆ ಒಳ್ಳೆಯ ಪ್ರಶ್ನೆಗಳೇ ಇವೆ. ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಲು ಆಗುತ್ತದೆಯೇ? ಕೆಂಪು, ಹಸಿರು ಬಣ್ಣ ಗುರುತಿಸುತ್ತಾರೆಯೇ? ಹಾರ್ನ್ ಕೇಳಿಸುತ್ತದೆಯೇ? ರಾತ್ರಿ ಕುರುಡು ಇದೆಯೇ? ಇಷ್ಟನ್ನು ನಿಜವಾಗಿ ನೋಡಿದರೂ ಅರ್ಧ ಸಮಸ್ಯೆ ಮುಗಿಯುತ್ತಿತ್ತು.

ಆದರೆ ನಡೆಯುವುದು ಏನು? ನಮ್ಮ ಮನೆಯ ಹಿರಿಯರೊಬ್ಬರ ನವೀಕರಣಕ್ಕೆ ನಾವೇ ಹೋಗಿದ್ದೆವು. ಕ್ಲಿನಿಕ್ಕಿನಲ್ಲಿ ಡಾಕ್ಟ್ರು ತಲೆ ಎತ್ತಲಿಲ್ಲ. 'ಕನ್ನಡಕ ಉಂಟಲ್ಲ?' ಎಂದು ಕೇಳಿದರು, ಸಹಿ ಹಾಕಿದರು, ಸೀಲ್ ಒತ್ತಿದರು. ಎರಡು ನಿಮಿಷದ ಕೆಲಸ. ಹೊರಗೆ ಬಂದು ನಾವು ರಸ್ತೆಯಾಚೆ ನಿಂತಿದ್ದ ಆಟೋದ ನಂಬರ್ ಓದಿ ಎಂದೆವು. ಅವರು ಕಣ್ಣು ಕಿರಿದು ಮಾಡಿ ಸ್ವಲ್ಪ ಹೊತ್ತು ನೋಡಿ, 'ಹಳದಿ ಬೋರ್ಡ್' ಎಂದರು! ನಮಗೆ ನಗು ಬಂತು, ಆಮೇಲೆ ಹೆದರಿಕೆ ಬಂತು. ತಪ್ಪು ಡಾಕ್ಟ್ರದ್ದು ಮಾತ್ರವಲ್ಲ, ಬೇಗ ಸಹಿ ಸಿಕ್ಕಿತೆಂದು ಖುಷಿಪಟ್ಟವರು ನಾವೇ ಅಲ್ಲವೇ?

2021ರಲ್ಲಿ ಕೇಂದ್ರ ಸರಕಾರ ಆಧಾರ್ ಮೂಲಕ ಮನೆಯಿಂದಲೇ ಮಾಡಬಹುದಾದ 18 ಸೇವೆಗಳನ್ನು ಪ್ರಕಟಿಸಿತು. ಓಡಿಸಿ ತೋರಿಸುವ ಅಗತ್ಯವಿಲ್ಲದ ಲೈಸನ್ಸ್ ನವೀಕರಣವೂ ಅದರಲ್ಲಿದೆ. ಆರ್‌ಟಿಒ ಕಚೇರಿಯ ಸಾಲು, ಬ್ರೋಕರ್ ಕಾಟ ತಪ್ಪಿತು, ಒಳ್ಳೆಯದೇ. ಆದರೆ ಫಲಿತಾಂಶವನ್ನೂ ನೋಡಿ. ಡಾಕ್ಟ್ರು ಸರಿಯಾಗಿ ನೋಡದಿದ್ದರೆ, ಎಪ್ಪತ್ತೆಂಟು ವರ್ಷದ ಒಬ್ಬರನ್ನು ಸರಕಾರದ ಪರವಾಗಿ ಯಾರೂ ಕಣ್ಣಿಟ್ಟು ನೋಡದೆಯೇ ಐದು ವರ್ಷದ ಲೈಸನ್ಸ್ ಮನೆಗೆ ಬರುತ್ತದೆ.

ಹಾಗೆಂದು ಹಿರಿಯರನ್ನೇ ಅಪರಾಧಿ ಸ್ಥಾನದಲ್ಲಿ ನಿಲ್ಲಿಸುವುದು ಅನ್ಯಾಯ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅದರಲ್ಲಿ ಶೇ. 66.5 ಮಂದಿ 18ರಿಂದ 45 ವರ್ಷದೊಳಗಿನವರು. ಶೇ. 70ಕ್ಕಿಂತ ಹೆಚ್ಚು ಸಾವು ಅತಿವೇಗದ ಲೆಕ್ಕದಲ್ಲಿದೆ. ಪಂಪ್‌ವೆಲ್, ನಂತೂರು, ತೊಕ್ಕೊಟ್ಟಿನಲ್ಲಿ ಪ್ರತಿದಿನ ಓಡಾಡುವ ನಮಗೆ ಈ ಅಂಕಿಅಂಶ ಬೇಕಾಗಿಯೂ ಇಲ್ಲ. ಒಂದೇ ಬೈಕಿನಲ್ಲಿ ಮೂವರು ಕೂತು ಹಾರಿಸಿಕೊಂಡು ಹೋಗುವವರು ನಮ್ಮ ಹಾಜಿಗಳಲ್ಲ, ನಮ್ಮ ಮಕ್ಕಳು. ಹಿರಿಯರು ನಿಧಾನ ಹೋಗುತ್ತಾರೆ, ಮಳೆಗೆ ಹೊರಡುವುದಿಲ್ಲ, ಕತ್ತಲಾದರೆ ಗಾಡಿ ಒಳಗೆ ಹಾಕುತ್ತಾರೆ.

ಆದರೂ ಎರಡು ವಿಷಯ ಮರೆಯಬಾರದು. ಒಂದು, ಯುವಕ ಬಿದ್ದರೆ ಪ್ಲಾಸ್ಟರ್ ಹಾಕಿಸಿಕೊಂಡು ಎದ್ದಾನು. ಎಪ್ಪತ್ತರವರು ಸ್ಕೂಟರಿನಿಂದ ಬಿದ್ದು ಸೊಂಟದ ಎಲುಬು ಮುರಿದರೆ ಹಾಸಿಗೆಯಿಂದ ಏಳುವುದೇ ಕಷ್ಟ. ಎರಡು, ನಮ್ಮ ಸಮುದಾಯಕ್ಕೆ ಇದು ಈಗ ಎದುರಾಗುತ್ತಿರುವ ಹೊಸ ಪ್ರಶ್ನೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಗಲ್ಫ್ ವಿಮಾನ ಹತ್ತಿದ ತಲೆಮಾರು ಈಗ ಊರಿಗೆ ಬಂದು ಕೂತಿದೆ. ಇವರಲ್ಲಿ ಅನೇಕರು ಜೀವಮಾನದ ಚಾಲನೆಯನ್ನೆಲ್ಲ ರಸ್ತೆಯ ಬಲಬದಿಯಲ್ಲಿ ಮಾಡಿದವರು. ಅಗಲ ರಸ್ತೆ, ಪಥಶಿಸ್ತು, ಆಟೋಮ್ಯಾಟಿಕ್ ಕಾರು. ಇಲ್ಲಿ ಎಡಬದಿ, ಗೇರ್ ಗಾಡಿ, ಎದುರಿನಿಂದ ರಾಂಗ್ ಸೈಡಿನಲ್ಲಿ ಬರುವ ಆಟೋ, ನಡುವೆ ದನ. ಅರುವತ್ತರ ಮೇಲೆ ಮೈಯ ಅಭ್ಯಾಸ ಬದಲಿಸುವುದು ಸುಲಭವಲ್ಲ. ಯುಎಇಯಲ್ಲಿದ್ದವರು ಲೈಸನ್ಸ್ ನವೀಕರಣಕ್ಕೆ ಕಣ್ಣಿನ ಪರೀಕ್ಷೆ ಮಾಡಿಸಿಕೊಂಡವರೇ. ಅಲ್ಲಿ ಅದನ್ನು ಯಾರೂ ಅವಮಾನ ಎಂದುಕೊಳ್ಳಲಿಲ್ಲ. ಊರಿಗೆ ಬಂದ ಮೇಲೆ ಅದೇ ಮಾತು ಎತ್ತಿದರೆ ಯಾಕೆ ಬೇಸರವಾಗಬೇಕು?

ಇನ್ನೊಂದು ಗುಂಪು ಇದೆ, ಇವರ ಬಗ್ಗೆ ಮಾತಾಡುವವರು ಕಡಿಮೆ. ಅರುವತ್ತೈದು ದಾಟಿಯೂ ಆಟೋ, ಗೂಡ್ಸ್ ಟೆಂಪೊ ಓಡಿಸಿಯೇ ಮನೆ ನಡೆಸುವವರು. ಇವರಿಗೆ ಪೆನ್ಶನ್ ಇಲ್ಲ, ಗಲ್ಫಿನ ಮಗನೂ ಇಲ್ಲ. 'ಎಪ್ಪತ್ತಾಯಿತು, ಲೈಸನ್ಸ್ ಇಲ್ಲ' ಎಂದರೆ ಇವರ ಮನೆಯ ಒಲೆಯೇ ಆರುತ್ತದೆ. ಆದ್ದರಿಂದ ವಯಸ್ಸಿನ ಗೆರೆ ಎಳೆದು ಬಾಗಿಲು ಹಾಕುವ ಯಾವ ಕಾನೂನನ್ನೂ ನಾವು ಒಪ್ಪಲಾರೆವು.

ಹಾಗಾದರೆ ಏನು ಮಾಡಬಹುದು? ಎಲ್ಲ ಹಿರಿಯರನ್ನೂ ಆರ್‌ಟಿಒ ಮೈದಾನದಲ್ಲಿ ಸಾಲು ನಿಲ್ಲಿಸಿ ಎಂಟು ಹಾಕಿಸುವುದರಿಂದ ಪ್ರಯೋಜನ ಕಡಿಮೆ. ನಮ್ಮ ವ್ಯವಸ್ಥೆಯಲ್ಲಿ ಹೊಸ ಪರೀಕ್ಷೆ ಎಂದರೆ ಹೊಸ ಬ್ರೋಕರ್ ಎಂದೇ ಅರ್ಥ. ಮೊದಲು ಇರುವ ಪರೀಕ್ಷೆಯನ್ನು ನಿಜ ಮಾಡಬೇಕು. ಅರುವತ್ತು ದಾಟಿದವರ ಫಾರ್ಮ್ 1ಎ ಜೊತೆ ಕಣ್ಣಿನ ತಜ್ಞರ ವರದಿ ಕಡ್ಡಾಯವಾಗಲಿ. ತಾಲೂಕು ಆಸ್ಪತ್ರೆಗಳಲ್ಲಿ ವಾರದಲ್ಲೊಂದು ದಿನ ಇದಕ್ಕೆ ಮೀಸಲಿಡಲಿ, ಉಚಿತವಾಗಿ. ಫಾರ್ಮಿನಲ್ಲಿ ಮರೆವಿನ ಬಗ್ಗೆಯೂ ಪ್ರಶ್ನೆ ಸೇರಲಿ. 75ರ ಮೇಲೆ ಅವಧಿ ಐದರ ಬದಲು ಎರಡು ವರ್ಷವಾಗಲಿ.

ಓಡಿಸಿ ತೋರಿಸುವ ಪರೀಕ್ಷೆ ಎಲ್ಲರಿಗೂ ಬೇಡ, ಸಂಶಯ ಬಂದವರಿಗೆ ಮಾತ್ರ ಸಾಕು. ಡಾಕ್ಟ್ರು ಹೇಳಿದರೆ, ಅಪಘಾತವಾಗಿದ್ದರೆ, ಮನೆಯವರೇ ಕೇಳಿಕೊಂಡರೆ. ಇದಕ್ಕೆ ಅರ್ಧ ದಾರಿ ಈಗಲೇ ಇದೆ. ರೋಗ ಅಥವಾ ಅಂಗವೈಕಲ್ಯದಿಂದ ಒಬ್ಬರು ಓಡಿಸಲು ಅನರ್ಹರೆಂದು ನಂಬಲು ಕಾರಣವಿದ್ದರೆ ವೈದ್ಯಕೀಯ ಪ್ರಮಾಣಪತ್ರ ಕೇಳುವ, ಲೈಸನ್ಸ್ ರದ್ದು ಮಾಡುವ ಅಧಿಕಾರ ಕಾಯ್ದೆಯ 16ನೇ ಕಲಮಿನಲ್ಲಿ ಉಂಟು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 85 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ರಸ್ತೆ ಪರೀಕ್ಷೆ ಇದೆ. ಅದು ಬೇಡದವರು ಮನೆಯ ಸುತ್ತಮುತ್ತಲಿನ ಓಡಾಟಕ್ಕೆ ಸೀಮಿತವಾದ ಲೈಸನ್ಸ್ ಪಡೆಯಬಹುದು. ಹಗಲು ಹೊತ್ತು, ಊರೊಳಗೆ, ಹೈವೇ ಬೇಡ. ನಮ್ಮ ಹಿರಿಯರಲ್ಲಿ ಹೆಚ್ಚಿನವರಿಗೆ ಬೇಕಾದದ್ದೂ ಇಷ್ಟೇ ತಾನೆ?

ಇನ್ನು ಬಸ್ಸಿನ ಮಾತು. ಸ್ಕೂಟರ್ ಬಿಟ್ಟ ಹಿರಿಯರು ಹೇಗೆ ಓಡಾಡಬೇಕು? ಕೆಎಸ್‌ಆರ್‌ಟಿಸಿಯಲ್ಲಿ 60 ದಾಟಿದವರಿಗೆ ಶೇ. 25 ರಿಯಾಯಿತಿ ಇದೆ. 2023ರಿಂದ ಮಹಿಳೆಯರಿಗೆ ಶಕ್ತಿ ಯೋಜನೆ ಇದೆ. ಎರಡೂ ಸರಕಾರಿ ಬಸ್ಸಿಗೆ. ಮಂಗಳೂರಿನ ಸುತ್ತ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅದರ ಮೆಟ್ಟಿಲು ಎತ್ತರ, ಕಾಲು ಇಡುವ ಮೊದಲೇ 'ರೈಟ್ ಪೋಯಿ' ಎಂಬ ಕೂಗು. ಮೊಣಕಾಲು ನೋವಿನವರು ಅದಕ್ಕೆ ಹತ್ತುವುದಕ್ಕಿಂತ ಸ್ಕೂಟರೇ ವಾಸಿ ಎಂದುಕೊಂಡರೆ ತಪ್ಪೇನು? ಲೈಸನ್ಸ್ ಬಿಡಿ ಎನ್ನುವ ಸರಕಾರ ಜಪಾನಿನಂತೆ ಬದಲಿ ದಾರಿಯನ್ನೂ ಕೊಡಬೇಕು. ಇಲ್ಲದಿದ್ದರೆ ಡೆನ್ಮಾರ್ಕಿನ ಕಥೆಯೇ ಇಲ್ಲೂ ಆದೀತು, ಅದೂ ಫುಟ್‌ಪಾತ್ ಇಲ್ಲದ ರಸ್ತೆಗಳಲ್ಲಿ.

ಸರಕಾರ ಮಾಡುವವರೆಗೆ ಕಾಯದೆ ನಾವು ಮಾಡಬಹುದಾದದ್ದೂ ಉಂಟು. ಕಾರಿನ ಬದಿಯಲ್ಲಿ ಹೊಸ ಗೀರುಗಳು, ಎದುರು ಲೈಟಿಗೆ ಕಣ್ಣು ಕತ್ತಲಾಗುವುದು, ದಿನಾ ಹೋಗುವ ತಿರುವು ಮರೆತುಹೋಗುವುದು, ಇಂಡಿಕೇಟರ್ ಹಾಕಿದ್ದೇ ಗೊತ್ತಿಲ್ಲದಿರುವುದು. ಇವು ಕಂಡರೆ ಮನೆಯವರು ಮಾತಾಡಬೇಕು. ಶುಗರಿಗೆ ಇನ್ಸುಲಿನ್ ಅಥವಾ ಶುಗರ್ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ರಂಝಾನಿನಲ್ಲಿ ಇಫ್ತಾರಿಗೆ ಮೊದಲಿನ ಗಡಿಬಿಡಿಯಲ್ಲಿ ಗಾಡಿ ತೆಗೆಯದಂತೆ ನೋಡಿಕೊಳ್ಳಬೇಕು. ಆ ಹೊತ್ತಿಗೆ ಶುಗರ್ ಇಳಿದರೆ ತಲೆ ತಿರುಗಲು ಕ್ಷಣ ಸಾಕು. ಅವಧಿ ಮುಗಿದ ಲೈಸನ್ಸಿನಲ್ಲಿ ಓಡಿಸಿ ಅಪಘಾತವಾದರೆ ವಿಮಾ ಕಂಪೆನಿ ಹಣವನ್ನು ಗಾಡಿಯ ಮಾಲಕರಿಂದಲೇ ವಸೂಲು ಮಾಡುವ ಪ್ರಮೇಯ ಬರಬಹುದು, ಈ ಎಚ್ಚರವೂ ಇರಲಿ. ಜಮಾಅತ್‌ಗಳು ವರ್ಷಕ್ಕೊಮ್ಮೆ ರಕ್ತದಾನ ಶಿಬಿರ ಮಾಡುತ್ತವೆ. ಅದರ ಜೊತೆಗೆ ಹಿರಿಯ ಸವಾರರಿಗೆ ಕಣ್ಣು, ಕಿವಿ ತಪಾಸಣೆಯನ್ನೂ ಸೇರಿಸಿದರೆ ಎಷ್ಟು ಒಳ್ಳೆಯದು! ಸುಬ್ಹಿಗೆ ಬರುವ ಯುವಕರು ದಾರಿಯಲ್ಲಿ ಸಿಗುವ ಒಬ್ಬ ಹಿರಿಯರನ್ನು ಹಿಂದೆ ಕೂರಿಸಿಕೊಂಡು ಬಂದರೆ ಅದಕ್ಕೆ ಯಾವ ಕಾನೂನೂ ಬೇಡ.

ಆದರೆ ಮಾತಾಡುವ ರೀತಿ ಮುಖ್ಯ. ಗಲ್ಫಿನಿಂದ ಫೋನ್ ಮಾಡಿ 'ಉಪ್ಪ, ಇನ್ನು ಸ್ಕೂಟರ್ ಮುಟ್ಟುವುದು ಬೇಡ' ಎಂದು ಆರ್ಡರ್ ಮಾಡುವುದು ಸುಲಭ. ಆ ಕಡೆಯಿಂದ 'ಸರಿ ಮೋನೆ, ನಾಳೆಯಿಂದ ಮೀನು ಯಾರು ತರುವುದು?' ಎಂದು ಕೇಳಿದರೆ ನಮ್ಮಲ್ಲಿ ಉತ್ತರ ಇರಬೇಕು. ಆ ಉತ್ತರ ಸಿದ್ಧ ಮಾಡಿಕೊಂಡ ಮೇಲೆ ಕೀ ಕೇಳೋಣ.